ಸರ್ವೆ ನಂಬರ್ ಹಿಡಿದು ಊರಿನ ಚರಿತ್ರೆ ಬರೆದ ಬಗೆ

ಊರಿನ ಚರಿತ್ರೆ ಬರೆಯಲು ಹೊರಟವರು ಗಂಗರಿಂದಲೋ ಚೋಳರಿಂದಲೋ ಶುರುಮಾಡಿ ಎರಡು ಪುಟಕ್ಕೇ ಸುಸ್ತಾಗುವುದುಂಟು. ಬೇಸಾಯದ ಊರಿಗೆ ಆ ದಾರಿ ಹೊಂದುವುದಿಲ್ಲ. ಕೋಲಾರ ಜಿಲ್ಲೆಯ ಒಂದು ಸಣ್ಣ ಹಳ್ಳಿಯ ಚರಿತ್ರೆಯನ್ನು ನಾನು ಕಟ್ಟಿದ್ದು ಸರ್ವೆ ನಂಬರ್‌ಗಳಿಂದ. ರಾಜರು ಎಲ್ಲೋ ಒಂದು ಕಲ್ಲಿನಲ್ಲಿ ಬಂದು ಹೋಗುತ್ತಾರೆ. ಹೊಲ, ಗದ್ದೆ, ಕೆರೆ ಪ್ರತಿ ಕಾಗದದಲ್ಲೂ ಇರುತ್ತವೆ.

ಮೊದಲು ಗ್ರಾಮ ನಕ್ಷೆಯನ್ನು ದೊಡ್ಡ ಹಾಳೆಯಲ್ಲಿ ಪ್ರಿಂಟ್ ಹಾಕಿಸಬೇಕು. ಆಕಾರ್‌ಬಂದ್ (ಪ್ರತಿ ನಂಬರಿನ ವಿಸ್ತೀರ್ಣ, ಜಮೀನಿನ ಬಗೆ, ಕಂದಾಯ ಬರೆದ ಪಟ್ಟಿ) ನಕಲನ್ನು ಪಕ್ಕದಲ್ಲಿಟ್ಟುಕೊಂಡು ಖುಷ್ಕಿ (ಮಳೆಯಾಶ್ರಿತ ಹೊಲ), ತರಿ (ನೀರಾವರಿ ಗದ್ದೆ), ಬಾಗಾಯ್ತು (ತೋಟ), ಖರಾಬು (ಸಾಗುವಳಿಗೆ ಬಾರದ ಜಾಗ) ಇವಕ್ಕೆ ಬೇರೆಬೇರೆ ಬಣ್ಣ ಹಚ್ಚಬೇಕು. ಕೆರೆ ಏರಿಯ ಕೆಳಗೆ ತರಿಯ ಬಣ್ಣ ಎಲ್ಲಿಯವರೆಗೆ ಹೋಗುತ್ತದೋ ಅದು ಸರ್ವೆ ಕಾಲದ ಅಚ್ಚುಕಟ್ಟು. ಈಗ ಅಲ್ಲಿ ನೀಲಗಿರಿಯೋ ಟೊಮೇಟೊವೋ ಇರಬಹುದು, ಕಾಗದದಲ್ಲಿ ಅದು ಇನ್ನೂ ತರಿಯೇ. ಸಾರ್ವಜನಿಕ ಬಳಕೆಗೆ ಬಿಟ್ಟ ‘ಬಿ’ ಖರಾಬಿನ ತುಂಡುಗಳನ್ನು ಬಿಡಬೇಡಿ. ಹಳೆಯ ಬಂಡಿದಾರಿ, ಹಳ್ಳ, ಸ್ಮಶಾನ ಸಿಗುವುದು ಅಲ್ಲೇ. ಹೋಬಳಿಯ ಗ್ರಾಮಗಳ ಪಟ್ಟಿಯಲ್ಲಿ ‘ಬೇಚಿರಾಖ್’ ಎಂದು ಬರೆದ ಹೆಸರು ಅಕ್ಕಪಕ್ಕ ಇದ್ದರೆ ಅದರ ನಕ್ಷೆಯನ್ನೂ ತೆಗೆಸಿ. ಜನ ಬಿಟ್ಟುಹೋದ ಊರು ಅದು. ನಿಮ್ಮೂರಿನ ಕೆಲವು ಮನೆತನಗಳ ಬೇರು ಅಲ್ಲಿರುವ ಸಂಭವ ಹೆಚ್ಚು.

ನಕ್ಷೆ ಹಿಡಿದು ನಡೆಯುವಾಗ ‘ದಿಶಾಂಕ್’ ಆ್ಯಪ್‌ನಿಂದ ನಿಂತ ಜಾಗದ ನಂಬರ್ ತಿಳಿಯುತ್ತದೆ. ಆದರೆ ಬದುವಿನ ಹತ್ತಿರ ಅದು ಪಕ್ಕದ ನಂಬರ್ ತೋರಿಸಿಬಿಡುತ್ತದೆ, ಹೊಲದ ನಡುವೆ ನಿಂತು ನೋಡುವುದು ಕ್ಷೇಮ. ಸರ್ವೆಯವರು ಪ್ರತಿ ನಂಬರಿನ ಅಳತೆ ಗುರುತಿಟ್ಟ ಟಿಪ್ಪಣಿ ಓದಲು ಅಳತೆ ಗೊತ್ತಿರಬೇಕು. ಒಂದು ಚೈನು 33 ಅಡಿ, ಅದರಲ್ಲಿ 16 ಆಣೆ. ಒಂದು ಚೈನು ಚದರ ಒಂದು ಗುಂಟೆ, 40 ಗುಂಟೆ ಒಂದು ಎಕರೆ. ಸರ್ವೆಗಿಂತ ಹಿಂದಿನ ಕಾಗದಗಳಲ್ಲಿ ಭೂಮಿಯನ್ನು ಬಿತ್ತನೆಯ ಲೆಕ್ಕದಲ್ಲಿ ಹೇಳುತ್ತಾರೆ, 20 ಕೊಳಗಕ್ಕೆ ಒಂದು ಖಂಡುಗ. ಇದನ್ನು ಎಕರೆಗೆ ಇಳಿಸಲು ಹೋಗಲೇಬಾರದು. ಒಂದು ಖಂಡುಗ ಭತ್ತ ಬಿತ್ತುವ ಗದ್ದೆ ಬೇರೆ, ಅಷ್ಟೇ ರಾಗಿ ಬಿತ್ತುವ ಹೊಲ ಬೇರೆ. ಕೊಳಗವೇ ಊರಿಂದೂರಿಗೆ ಒಂದೇ ಇರಲಿಲ್ಲ. ಇದ್ದದ್ದನ್ನು ಇದ್ದಂತೆ ಬರೆದಿಟ್ಟರೆ ಸಾಕು.

ಜಮೀನಿನ ಹಕ್ಕು, ಸಾಗುವಳಿ, ಬೆಳೆಯ ದಾಖಲೆಯಾದ ಪಹಣಿಯೇ ಈ ಕೆಲಸದ ಜೀವ. ಗಣಕೀಕೃತ ಪಹಣಿ ಈಚಿನದು, ಅದಷ್ಟೇ ಸಾಲದು. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ಕೈಬರಹದ ಪಹಣಿ ಮತ್ತು ಐ.ಎಲ್.–ಆರ್.ಆರ್. (ಜಮೀನುಗಳ ಸೂಚಿ ಮತ್ತು ಹಕ್ಕು ದಾಖಲೆ) ನಕಲು ತೆಗೆಸಬೇಕು. ಅರ್ಜಿಯಲ್ಲಿ ಸರ್ವೆ ನಂಬರ್ ಜೊತೆಗೆ ಯಾವ ಸಾಲಿನಿಂದ ಯಾವ ಸಾಲಿನವರೆಗೆ ಎಂದು ಬರೆಯದಿದ್ದರೆ ಒಂದೇ ವರ್ಷದ್ದು ಕೊಟ್ಟು ಕಳಿಸುತ್ತಾರೆ. 9ನೇ ಕಲಂನಲ್ಲಿ ಖಾತೆದಾರ, 10ರಲ್ಲಿ ಅವನಿಗೆ ಅದು ಬಂದ ಬಗೆ, 12ರಲ್ಲಿ ಸಾಗುವಳಿದಾರ ಮತ್ತು ಬೆಳೆ. 9 ಮತ್ತು 12ರ ಹೆಸರು ಬೇರೆಯಾದ ಕಡೆ ಗುರುತು ಹಾಕುತ್ತಾ ಹೋದರೆ ಗೇಣಿಯ ಚಿತ್ರ ತಾನಾಗಿ ಏಳುತ್ತದೆ. 1974ರ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದ ಮೇಲೆ ಯಾರು ಫಾರಂ 7 (ಉಳುವ ಜಮೀನಿನ ಒಡೆತನ ಕೋರುವ ಗೇಣಿದಾರನ ಅರ್ಜಿ) ಹಾಕಿದರು, 9ನೇ ಕಲಂಗೆ ಯಾರ ಹೆಸರು ಬಂತು, ಯಾರದ್ದು ಬರಲೇ ಇಲ್ಲ ಎಂಬುದನ್ನು ಹೀಗೆ ಹಿಂಬಾಲಿಸಬಹುದು. ಬಾಯಿಮಾತಿನ ಗೇಣಿ 12ರಲ್ಲೂ ದಾಖಲಾಗದೆ ಉಳಿದದ್ದುಂಟು, ಆದ್ದರಿಂದ ಕಲಂ ಖಾಲಿಯಿದ್ದ ಮಾತ್ರಕ್ಕೆ ಒಡೆಯನೇ ಉತ್ತಿದ್ದ ಎಂದುಕೊಳ್ಳಬಾರದು. 1963ರ ಫೆಬ್ರವರಿ 1ರಂದು ಪಟೇಲಿಕೆ, ಶಾನುಭೋಗಿಕೆ ರದ್ದಾದವು. ಊರ ಚಾಕರಿಗಾಗಿ ತೋಟಿ, ತಳವಾರ, ನೀರಗಂಟಿಗಳಿಗೆ ಬಿಟ್ಟಿದ್ದ ಇನಾಮ್ತಿ ಜಮೀನು ಆಮೇಲೆ ಯಾರಿಗೆ ಮರುಮಂಜೂರಾಗಿ, ಅಲ್ಲಿಂದ ಯಾರ ಕೈಗೆ ಹೋಯಿತು ಎಂಬುದು ಖಾತೆ ಬದಲಾವಣೆಯ ದಾಖಲೆಯಾದ ಮ್ಯುಟೇಶನ್‌ನಲ್ಲಿ ಸಿಗುತ್ತದೆ. ಕೆರೆ ಯಾಕೆ ಹಾಳಾಯಿತು ಎಂಬ ಪ್ರಶ್ನೆಗೆ ಅರ್ಧ ಉತ್ತರ ಈ ನೀರಗಂಟಿ ಜಮೀನಿನಲ್ಲೇ ಇದೆ ಎಂದು ನನ್ನ ಅನಿಸಿಕೆ. ತೂಬು ಎತ್ತಿ ಇಳಿಸುವವನ ಅನ್ನದ ದಾರಿ ಕಡಿದ ಮೇಲೆ ತೂಬು ನೋಡುವವರು ಯಾರು?

ಶಾನುಭೋಗರ ಮನೆಯ ಅಟ್ಟದಲ್ಲಿ ಕಡತ ಸಿಕ್ಕರೆ ಒದ್ದೆ ಬಟ್ಟೆ ಮುಟ್ಟಿಸಬೇಡಿ. ಕಪ್ಪು ಬಳಿದ ಬಟ್ಟೆಯ ಮೇಲೆ ಬಳಪದ ಬರಹ ಅದು, ಒರೆಸಿದರೆ ಹೋಯಿತು. ಮಡಿಕೆ ಬಿಡಿಸುತ್ತಾ ಪಕ್ಕದಿಂದ ಬೆಳಕು ಬಿಟ್ಟು ಫೋಟೊ ತೆಗೆಯಿರಿ. ವೀರಗಲ್ಲು, ಶಾಸನಗಳಿಗೂ ಇದೇ ಉಪಾಯ: ರಾತ್ರಿ ಟಾರ್ಚನ್ನು ಕಲ್ಲಿನ ಅಂಚಿಗೆ ಒರಗಿಸಿ ಹಿಡಿದರೆ ಸವೆದ ಅಕ್ಷರವೂ ಏಳುತ್ತದೆ. ಸುಣ್ಣ, ಪೇಂಟು, ತಂತಿ ಬ್ರಷ್ ಬೇಡವೇ ಬೇಡ. ಓದುವ ಮೊದಲು ಬಿ.ಎಲ್. ರೈಸ್ 1905ರಲ್ಲಿ ಹೊರತಂದ ಕೋಲಾರ ಜಿಲ್ಲೆಯ ಶಾಸನ ಸಂಪುಟದಲ್ಲಿ ನಿಮ್ಮೂರು ಇದೆಯೇ ನೋಡಿ. ಶಾಸನದ ತೇದಿ ಪರೀಕ್ಷಿಸಲು ಶಕ ವರ್ಷಕ್ಕೆ 12 ಕೂಡಿ 60ರಿಂದ ಭಾಗಿಸಿ. ಉಳಿದ ಅಂಕೆಯನ್ನು ಪ್ರಭವದಿಂದ ಎಣಿಸಿದರೆ ಸಂವತ್ಸರ ಬರಬೇಕು, ಶೇಷ ಸೊನ್ನೆಯಾದರೆ ಅಕ್ಷಯ. ಶಕ 1798ಕ್ಕೆ ಶೇಷ 10, ಅಂದರೆ ಧಾತು. ಒಂದು ವರ್ಷದ ಹೆಚ್ಚುಕಡಿಮೆ ಸಹಜ. ಅದಕ್ಕಿಂತ ದೂರ ಹೋದರೆ ಅಂಕೆ ತಪ್ಪು ಓದಿದ್ದೀರಿ ಎಂದೇ ಮೊದಲ ಅನುಮಾನ ಇರಲಿ.

ಹಿರಿಯರ ಬಾಯಲ್ಲೂ ಈ ಧಾತು ಬರುತ್ತದೆ. ಧಾತು–ಈಶ್ವರ ಬರ 1876–78ರದ್ದು. ಆದರೆ 60 ವರ್ಷಕ್ಕೆ ಅದೇ ಹೆಸರು ಮರಳಿ 1936ರಲ್ಲೂ ಧಾತು ಬಂತು, ಎರಡರ ಕತೆಗಳು ಕಲಸಿಹೋಗುತ್ತವೆ. ಹೇಳುವವರ ಅಜ್ಜ ಆಗ ಹುಟ್ಟಿದ್ದರೇ, ಮಗಳ ಮದುವೆಯಾಗಿತ್ತೇ ಎಂದು ಕೇಳಿ ಬಿಡಿಸಿಕೊಳ್ಳಬೇಕು.

ಮಾತಿಗೆ ಕೂರುವಾಗ ಪಹಣಿ ಕೈಯಲ್ಲಿದ್ದರೆ ಕೋರ್ಟ್ ಕೇಸಿಗೆ ಬಂದವರೆಂದು ಬಾಯಿ ಮುಚ್ಚುತ್ತಾರೆ. ಪಟೇಲರ ಮನೆಯ ಜಗಲಿಯಲ್ಲಿ ಕೂತು ಕೇರಿಯವರನ್ನು ಕೇಳಿದರೆ ಸಿಗುವುದು ಪಟೇಲರ ಮಾತೇ. ಕೇರಿಗೆ ಹೋಗಿ ಕೇಳಬೇಕು. ಹೊಲಗಳ ಹೆಸರು ದಾಖಲೆಗಳಲ್ಲಿ ಸಿಗುವುದು ಅಪರೂಪ, ಹಿರಿಯರ ಜೊತೆ ನಡೆದೇ ನಕ್ಷೆಯ ಮೇಲೆ ಬರೆದುಕೊಳ್ಳಬೇಕು, ತೆಲುಗಿನಲ್ಲಿ ಹೇಳಿದರೆ ತೆಲುಗಿನಲ್ಲೇ. ಹಳೆಯ ರಾಗಿ ತಳಿ, ಬಿತ್ತನೆಕಾಳು ಇಡುತ್ತಿದ್ದ ಬಗೆ, ಬರಗಾಲದಲ್ಲಿ ತಿಂದ ಸೊಪ್ಪು, ಕೂಲಿಗೆ ಎಷ್ಟು ಸೇರು ಕಾಳು ಅಳೆಯುತ್ತಿದ್ದರು ಎಂಬುದನ್ನು ಹೆಂಗಸರಿಂದ ಕೇಳಿ. ಪಹಣಿಯಲ್ಲಿ ಅವರ ಹೆಸರೇ ಅಪರೂಪ.

ಅಚ್ಚಿಗೆ ಕೊಡುವ ಮೊದಲು ಕರಡನ್ನು ಅರಳಿಕಟ್ಟೆಯಲ್ಲೂ ಕೇರಿಯಲ್ಲೂ ಓದಿ. ವ್ಯಾಜ್ಯ ನಡೆಯುತ್ತಿರುವ ನಂಬರ್‌ಗಳ ವಿವರ ಪುಸ್ತಕದಿಂದ ಬಿಡಿ, ಇಲ್ಲದಿದ್ದರೆ ವಕೀಲರು ಅದನ್ನೇ ಹಾಜರುಪಡಿಸಲು ನೋಡುತ್ತಾರೆ. ಪ್ರತಿ ಅಧ್ಯಾಯದ ಹಿಂದೆ ಎರಡು ಖಾಲಿ ಹಾಳೆ ಹೊಲಿಸಿ. ತಿದ್ದುಪಡಿಗಳು ಪುಸ್ತಕ ಹಂಚಿದ ಮೇಲೂ ಬರುತ್ತಲೇ ಇರುತ್ತವೆ.