ಹಾಸನದಿಂದಲೇ ಪೇಟೆಂಟ್ ವಕೀಲಿಕೆ: ಎಲ್ಲಿಂದ ಶುರುಮಾಡಬೇಕು?

ಪೇಟೆಂಟ್ ಕೇಸು, ಕಂಪನಿ ವ್ಯಾಜ್ಯ ಎಂದರೆ ಬೆಂಗಳೂರು, ದೆಹಲಿಯ ದೊಡ್ಡ ವಕೀಲರ ಕೆಲಸ ಎಂದುಕೊಂಡು ನಮ್ಮೂರಿನ ಮಕ್ಕಳು ಆಸೆ ಬಿಡುತ್ತಾರೆ. ಬಿಡಬೇಕಿಲ್ಲ. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಮೊದಲು 1 ಕೋಟಿ ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ವ್ಯಾಜ್ಯಗಳಿಗಷ್ಟೇ ಅನ್ವಯಿಸುತ್ತಿತ್ತು. 2018ರಲ್ಲಿ ಆ ಮಿತಿ 3 ಲಕ್ಷಕ್ಕೆ ಇಳಿಯಿತು. ಕಾಫಿ ವ್ಯಾಪಾರಿಗಳ ನಡುವಿನ ಬಾಕಿ ಹಣದ ತಕರಾರೂ ಈಗ ಇದರಡಿ ಬರಬಹುದು.

ಮೊದಲು ಓದು. ಮಲೆನಾಡು ಎಂಜಿನಿಯರಿಂಗ್ ಕಾಲೇಜಿನಲ್ಲಿ ಬಿಇ ಮುಗಿಸಿಯೋ, ಬಿಎಸ್‌ಸಿ ಮಾಡಿಯೋ ಮೂರು ವರ್ಷದ ಎಲ್‌ಎಲ್‌ಬಿಗೆ ಸೇರುವುದು ನನ್ನ ಪ್ರಕಾರ ಒಳ್ಳೆಯ ದಾರಿ. ಪೇಟೆಂಟ್ ಏಜೆಂಟ್ (ಪೇಟೆಂಟ್ ಕಚೇರಿಯಲ್ಲಿ ಅರ್ಜಿದಾರರ ಪರ ಅರ್ಜಿ ನಡೆಸುವವರು) ಪರೀಕ್ಷೆಗೆ ವಿಜ್ಞಾನ ಅಥವಾ ತಾಂತ್ರಿಕ ಪದವಿ ಬೇಕೇ ಬೇಕು. ಪಿಯುಸಿ ನಂತರ ನೇರವಾಗಿ ಬಿಎ ಎಲ್‌ಎಲ್‌ಬಿ ಓದಿದವರಿಗೆ ಆ ಪರೀಕ್ಷೆ ಸಿಗದು. ಕೋರ್ಟಿನಲ್ಲಿ ಪೇಟೆಂಟ್ ಕೇಸು ವಾದಿಸಲು ಮಾತ್ರ ಅಡ್ಡಿಯಿಲ್ಲ. ರಾಜ್ಯ ವಕೀಲರ ಪರಿಷತ್ತಿನಲ್ಲಿ ಸನ್ನದು ಪಡೆದು ಅಖಿಲ ಭಾರತ ವಕೀಲರ ಪರೀಕ್ಷೆ ಪಾಸು ಮಾಡಿಕೊಳ್ಳಿ.

ಆಮೇಲೆ ಜಿಲ್ಲಾ ನ್ಯಾಯಾಲಯದಲ್ಲಿ ಸಿವಿಲ್ ಕೇಸು ನಡೆಸುವ ಸೀನಿಯರ್ ಒಬ್ಬರ ಕಚೇರಿ ಸೇರಿ. ದಾವೆ ಬರೆಯುವುದು, ದಾಖಲೆ ಗುರುತಿಸುವುದು, ಪಾಟೀಸವಾಲು ಇಲ್ಲಿ ಕಲಿತಷ್ಟು ದೊಡ್ಡ ಕಚೇರಿಗಳಲ್ಲಿ ಬೇಗ ಕೈಗೆ ಹತ್ತುವುದಿಲ್ಲ.

ವಾಣಿಜ್ಯ ವ್ಯಾಜ್ಯದಲ್ಲಿ ಗಡುವು ಬಲು ಬಿಗಿ. ಸಮನ್ಸ್ ಜಾರಿಯಾಗಿ 120 ದಿನ ಕಳೆದರೆ ಪ್ರತಿವಾದಿ ಲಿಖಿತ ಹೇಳಿಕೆ ಸಲ್ಲಿಸುವ ಹಕ್ಕನ್ನೇ ಕಳೆದುಕೊಳ್ಳುತ್ತಾನೆ. ಕಕ್ಷಿದಾರರು ಬಂದ ಕೂಡಲೇ ಸಮನ್ಸ್ ಮುಟ್ಟಿದ ತಾರೀಖು ಕೇಳಿ ಡೈರಿಯಲ್ಲಿ ಬರೆಯಿರಿ. ವಾದಿಯ ಪರ ಇದ್ದರೆ, ತುರ್ತು ತಡೆಯಾಜ್ಞೆ ಬೇಕಿಲ್ಲದ ಕೇಸಿನಲ್ಲಿ ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕು. ಇದು ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ.

ಇನ್ನು ಪೇಟೆಂಟ್ ಓದುವ ಕಲೆ. ಇದಕ್ಕೆ ತಾಳ್ಮೆ ಬೇಕು, ಆದರೆ ಇಷ್ಟು ಖುಷಿ ಕೊಡುವ ಕೆಲಸ ವಕೀಲಿಕೆಯಲ್ಲಿ ಬೇರೆ ಇಲ್ಲ. ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಪತ್ರಗಳು ಉಚಿತವಾಗಿ ಸಿಗುತ್ತವೆ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ಮೇಲಿನದೊಂದನ್ನು ಹುಡುಕಿ ತೆಗೆಯಿರಿ. ವಿವರಣೆ, ಚಿತ್ರ ಎಷ್ಟೇ ಇರಲಿ, ಹಕ್ಕಿನ ಗಡಿ ಗೊತ್ತಾಗುವುದು ಕೊನೆಯ ‘ಕ್ಲೇಮು’ಗಳಲ್ಲಿ. ಮೊದಲ ಕ್ಲೇಮನ್ನು ಒಡೆದು ಬರೆಯಿರಿ: ಹಣ್ಣು ಸುರಿಯುವ ಹಾಪರ್, ತಿರುಗುವ ಡ್ರಮ್, ಡ್ರಮ್ಮಿಗೂ ತಟ್ಟೆಗೂ ನಡುವಿನ ಸಂದಿಯನ್ನು ಹೊಂದಿಸುವ ತಿರುಪು, ಸಿಪ್ಪೆ ಹೊರಹೋಗುವ ದಾರಿ. ಎದುರಾಳಿಯ ಯಂತ್ರದಲ್ಲಿ ಪ್ರತಿಯೊಂದೂ ಇದೆಯೇ ಎಂದು ಪಕ್ಕದಲ್ಲೇ ಗುರುತು ಹಾಕಿ. ತಿರುಪಿನ ಬದಲು ಸ್ಪ್ರಿಂಗ್ ಇದ್ದರೆ? ಅದು ಅದೇ ಕೆಲಸವನ್ನು ಅದೇ ರೀತಿ ಮಾಡುತ್ತದೆಯೇ? ಇಡೀ ಕೇಸು ನಿಲ್ಲುವುದು ಅಲ್ಲೇ. ತೋಟಕ್ಕೆ ಹೋಗಿ ಯಂತ್ರ ಬಿಚ್ಚಿಸಿ ನೋಡಿ, ಮೆಕ್ಯಾನಿಕ್‌ ಬಳಿ ಕೇಳಿ. ನಮ್ಮ ಕಡೆಯವರಿಗೆ ಇದು ಸಲೀಸು.

ಉಲ್ಲಂಘನೆಯ ದಾವೆಯನ್ನು ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗೆ ಹಾಕುವಂತಿಲ್ಲ. ಪೇಟೆಂಟನ್ನೇ ರದ್ದು ಮಾಡಿ ಎಂದು ಪ್ರತಿವಾದಿ ಪ್ರತಿದಾವೆ ಹೂಡಿದರೆ ಎರಡೂ ಹೈಕೋರ್ಟಿಗೆ ವರ್ಗವಾಗುತ್ತವೆ. ಓಡಾಟ, ಖರ್ಚು ಹೆಚ್ಚುವ ಈ ಸಾಧ್ಯತೆಯನ್ನು ವಕಾಲತ್ತಿಗೆ ಸಹಿ ಹಾಕಿಸುವ ಮೊದಲೇ ಕಕ್ಷಿದಾರರಿಗೆ ಬಿಡಿಸಿ ಹೇಳಿ.