ಸ್ನಾಯು ನಿಂತ ಮೇಲೆ: ಕಪ್ಪೆ ವಿಷದೊಂದಿಗೆ ನನ್ನ ಪ್ರಯೋಗಗಳು

ಇಲಿಯ ವಪೆಯಿಂದ, ಅಂದರೆ ಉಸಿರಾಟದ ಸ್ನಾಯುವಿನಿಂದ, ಕತ್ತರಿಸಿದ ಒಂದು ಪಟ್ಟಿ, ಅದರೊಂದಿಗೇ ಬಿಡಿಸಿಕೊಂಡ, ಅದನ್ನು ಆಡಿಸುವ ಫ್ರೆನಿಕ್ ನರ. 37 ಡಿಗ್ರಿಯ ಕ್ರೆಬ್ಸ್ ದ್ರಾವಣದಲ್ಲಿಟ್ಟು (ಲವಣ, ಸಕ್ಕರೆ ಬೆರೆತ ನೀರು) ಆಮ್ಲಜನಕದ ಗುಳ್ಳೆ ಬಿಡುತ್ತಿದ್ದರೆ ಇದು ಗಂಟೆಗಟ್ಟಲೆ ಜೀವ ಹಿಡಿದಿರುತ್ತದೆ. ಹತ್ತು ಸೆಕೆಂಡಿಗೊಮ್ಮೆ ನರಕ್ಕೆ ಸಣ್ಣ ಷಾಕ್ ಕೊಟ್ಟರೆ ಸ್ನಾಯು ಪಟಕ್ಕನೆ ಸೆಳೆಯುತ್ತದೆ, ಪರದೆಯಲ್ಲಿ ಗೆರೆ ಏಳುತ್ತದೆ. ಕಪ್ಪೆಯ ಚರ್ಮದ ವಿಷಗಳನ್ನು ನಾನು ಅರಿತದ್ದು ಆ ಗೆರೆ ಕುಗ್ಗುವ ಬಗೆಯಿಂದ.

ಮೊದಲು ಕೈಗೆ ಬಂದದ್ದು ಹಿಸ್ಟ್ರಿಯೋನಿಕೋಟಾಕ್ಸಿನ್ ಎಂಬ ಕಪ್ಪೆ ವಿಷ. ಹಾಕಿದ ಸ್ವಲ್ಪ ಹೊತ್ತಿಗೇ ಗೆರೆ ಕುಸಿಯಿತು. ‘ವಿಷ ಹಿಡಿಯಿತು’ ಎಂದು ಬರೆದೇಬಿಟ್ಟೆ. ಆದರೆ ಎಷ್ಟು ತೊಳೆದರೂ ಸೆಳೆತ ಮರಳಲಿಲ್ಲ. ಬಗ್ಗಿ ನೋಡಿದರೆ ದ್ರಾವಣ ಇಳಿದು, ಎಲೆಕ್ಟ್ರೋಡಿನ ಮೇಲಿದ್ದ ನರ ಒಣಗಿ ದಾರದಂತಾಗಿತ್ತು. ಆ ಪುಟವನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದೆ.

ಮತ್ತೆ ಮಾಡಿದಾಗ ನಿಜವಾದ ಗುರುತು ಕಂಡಿತು. ಷಾಕ್‌ಗಳ ವೇಗ ಹೆಚ್ಚಿಸಿದಷ್ಟೂ ತಡೆ ಬಿಗಿಯಾಗುತ್ತಿತ್ತು. ನರ ಸ್ನಾಯುವಿಗೆ ಸುದ್ದಿ ಕಳಿಸುವ ರಾಸಾಯನಿಕ ಅಸಿಟೈಲ್‌ಕೋಲಿನ್; ಅದು ಬಂದು ತೆರೆಯುವ, ಸ್ನಾಯುವಿನ ಮೇಲಿನ ಗ್ರಾಹಕದ ರಂಧ್ರದಲ್ಲೇ ಈ ವಿಷ ಸಿಕ್ಕಿಕೊಳ್ಳುತ್ತದೆ; ಬಾಗಿಲು ಹೆಚ್ಚು ಸಲ ತೆರೆದಷ್ಟೂ ಅದಕ್ಕೆ ಒಳನುಗ್ಗಲು ಅವಕಾಶ. ಷಾಕನ್ನು ನರಕ್ಕೆ ಕೊಡದೆ ನೇರವಾಗಿ ಸ್ನಾಯುವಿಗೇ ಕೊಟ್ಟೆ. ಸೆಳೆಯಿತು. ಸ್ನಾಯು ಚೆನ್ನಾಗಿಯೇ ಇದೆ, ನರದಿಂದ ಅದಕ್ಕೆ ಸುದ್ದಿ ದಾಟುವ ಜಾಗ ಮಾತ್ರ ಕಟ್ಟಿದೆ.

ಬ್ಯಾಟ್ರಕೋಟಾಕ್ಸಿನ್ ವಿಷಯ ಬೇರೆ. ಕೊಲಂಬಿಯಾದ ಪೆಸಿಫಿಕ್ ಕರಾವಳಿಯ ಕಾಡಿನ ಹಳದಿ ಕಪ್ಪೆ ಫಿಲೋಬೇಟಿಸ್ ಟೆರಿಬಿಲಿಸ್‌ನ ಚರ್ಮದಲ್ಲಿರುವ ಈ ವಿಷದ ಹನಿಯನ್ನು ಎರಡು ಜೊತೆ ಕೈಗವಸು ಹಾಕಿಯೇ ಮುಟ್ಟುತ್ತೇನೆ, ಏಕೆಂದರೆ ಇದಕ್ಕೆ ಮದ್ದಿಲ್ಲ. (ಸಾಕಿದ ಕಪ್ಪೆಗಳ ಮರಿಗಳಲ್ಲಿ ಈ ವಿಷವೇ ಇರುವುದಿಲ್ಲ, ಅದು ಕಾಡಿನ ಆಹಾರದಿಂದ ಬರುತ್ತದೆಂಬುದು ನನಗೆ ಇಂದಿಗೂ ಬೆರಗು.) ವಿಷವನ್ನು ಆಲ್ಕೊಹಾಲಿನಲ್ಲಿ ಕರಗಿಸಿರುವುದರಿಂದ, ಅಷ್ಟೇ ಆಲ್ಕೊಹಾಲ್ ಮಾತ್ರ ಹಾಕಿದ ಇನ್ನೊಂದು ಪಟ್ಟಿಯನ್ನು ಹೋಲಿಕೆಗೆಂದು ಪಕ್ಕದಲ್ಲಿ ತಪ್ಪದೆ ಇಡುತ್ತೇನೆ.

ಸ್ನಾಯುಕೋಶದೊಳಗೆ ಗಾಜಿನ ಸೂಕ್ಷ್ಮ ಎಲೆಕ್ಟ್ರೋಡ್ ಇಳಿಸಿ ಕೂತಿದ್ದೆ. ಸುಮ್ಮನಿರುವ ಕೋಶದ ವೋಲ್ಟೇಜ್ ಮೈನಸ್ 75 ಮಿಲಿವೋಲ್ಟ್. ವಿಷ ಹಾಕಿದ ಕೆಲ ನಿಮಿಷದಲ್ಲಿ ಪುಟ್ಟ ಅಲೆಗಳು ದಟ್ಟವಾಗಿ ಸುರಿಯತೊಡಗಿದವು. ನರದ ತುದಿ ತನ್ನಷ್ಟಕ್ಕೆ ಅಸಿಟೈಲ್‌ಕೋಲಿನ್ ಚೆಲ್ಲುತ್ತಿತ್ತು. ಸ್ನಾಯು ಬಿಗಿದುಕೊಂಡಿತು. ಆಮೇಲೆ ಅಲೆಗಳು ನಿಂತವು, ವೋಲ್ಟೇಜ್ ಸೊನ್ನೆಯತ್ತ ಏರುತ್ತಲೇ ಹೋಯಿತು. ಕೋಶದೊಳಗೆ ಸೋಡಿಯಂ ಬಿಡುವ ಬಾಗಿಲುಗಳಾದ ಸೋಡಿಯಂ ಚಾನೆಲ್‌ಗಳು ಒಮ್ಮೆ ತೆರೆದ ಮೇಲೆ ಮುಚ್ಚುತ್ತಲೇ ಇರಲಿಲ್ಲ. ಈ ಸಲ ನೇರ ಷಾಕ್‌ಗೂ ಸ್ನಾಯು ಮಿಸುಕಲಿಲ್ಲ. ಗೆರೆ ಎರಡು ಸಲವೂ ಸತ್ತಿತ್ತು. ಅಲ್ಲಿ ದಾರಿ ಕಟ್ಟಿತ್ತು, ಇಲ್ಲಿ ಕೋಶದ ವಿದ್ಯುತ್ತೇ ಸೋರಿ ಹೋಗಿತ್ತು.

ತೊಳೆದರೆ ಏನೂ ಆಗಲಿಲ್ಲ. ಕೊನೆಗೆ ಸೋಡಿಯಂ ಚಾನೆಲ್‌ಗಳನ್ನು ಮುಚ್ಚುವ ಟೆಟ್ರೋಡೋಟಾಕ್ಸಿನ್ ಹಾಕಿದೆ. ವೋಲ್ಟೇಜ್ ನಿಧಾನವಾಗಿ ಇಳಿದು ಮೈನಸ್ 70ರ ಆಸುಪಾಸಿಗೆ ಮರಳಿತು. ಷಾಕ್ ಕೊಟ್ಟೆ, ಸ್ನಾಯು ಅಲುಗಲಿಲ್ಲ. ಸೋರಿಕೆ ನಿಲ್ಲಿಸಿದ ಆ ವಿಷವೇ ಈಗ ಸೆಳೆತದ ಬಾಗಿಲನ್ನೂ ಮುಚ್ಚಿತ್ತು.