ಚಪಾತಿ ಹಿಟ್ಟಿನಲ್ಲಿ ಸಟ್ಟನ್ ಹೂ ಕತ್ತಿ

ನಮ್ಮಪ್ಪ ಕುಲುಮೆಯಲ್ಲಿ ಗುಳ ತಟ್ಟುವಾಗ ತಿದಿ ಒತ್ತುತ್ತಿದ್ದವಳು ನಾನು. ಹಾಗಾಗಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಮೊಮ್ಮಗಳು ಒಂದು ಕತ್ತಿ ನೋಡಿ, "ಅಜ್ಜಿ, ಇದು ಬರೀ ತುಕ್ಕು" ಅಂದಾಗ ಸುಮ್ಮನಿರಲಾಗಲಿಲ್ಲ. ಅದು 1939ರಲ್ಲಿ ಇಂಗ್ಲೆಂಡಿನ ಸಫೋಕ್‌ನಲ್ಲಿ, ಸಟ್ಟನ್ ಹೂ ಅನ್ನುವ ಜಾಗದ ದಿಬ್ಬದಲ್ಲಿ, ಹಡಗಿನ ಸಮೇತ ಹೂತ ಸಮಾಧಿಯಲ್ಲಿ ಸಿಕ್ಕಿದ್ದು. 7ನೇ ಶತಮಾನದ ಆರಂಭದ್ದು. ಹಿಡಿಯ ಚಿನ್ನ, ಕೆಂಪು ಗಾರ್ನೆಟ್ ಹರಳು ಇನ್ನೂ ಹೊಳೆಯುತ್ತವೆ. ಅಲಗು ಮಾತ್ರ ಒರೆಗೇ ಕಚ್ಚಿಕೊಂಡು ತುಕ್ಕಾಗಿದೆ. ಎಕ್ಸ್‌ರೇಯಲ್ಲಿ ನೋಡಿದರೆ ಒಳಗೆಲ್ಲ ಜಡೆ ಹೆಣೆದಂಥ ಗೆರೆಗಳು. ಅವು ಹೇಗೆ ಬಂದವು ಅಂತ ಮನೆಯಲ್ಲಿ ಹಿಟ್ಟು ಕಲಸಿ ತೋರಿಸಿದೆ.

ಎರಡು ಹಿಟ್ಟು ಬೇಕು: ಒಂದು ಬರೀ ಗೋಧಿ, ಇನ್ನೊಂದು ಅರ್ಧ ರಾಗಿ ಅರ್ಧ ಗೋಧಿ. ಉಪ್ಪು ಹಾಕಿ ಗಟ್ಟಿಯಾಗಿ ನಾದಿ. ಮೊದಲ ಸಲ ನಾನು ಬರೀ ರಾಗಿ ತಗೊಂಡಿದ್ದೆ, ಎರಡನೇ ತಿರುವಿಗೇ ತುಂಡಾಯಿತು.

ಎರಡನ್ನೂ ರೊಟ್ಟಿಯಷ್ಟು ದಪ್ಪ ಲಟ್ಟಿಸಿ, ಬೆರಳಗಲದ ಉದ್ದ ಪಟ್ಟಿ ಕತ್ತರಿಸಿ. ಬಿಳಿ, ಕಂದು, ಬಿಳಿ ಅಂತ ಏಳು ಪದರ ಪೇರಿಸಿ, ನಡುನಡುವೆ ನೀರು ಸವರಿ. ಕುಲುಮೆಯಲ್ಲಾದರೆ ನೀರಿನ ಬದಲು ಮರಳು ಉದುರಿಸುತ್ತಾರೆ. ಅದು ಕರಗಿ, ಕಾದ ಕಬ್ಬಿಣದ ಮೇಲಿನ ಹೊಪ್ಪಳಿಕೆಯನ್ನು ಹರಿಸಿಕೊಂಡು ಹೋಗುತ್ತದೆ. ಕಬ್ಬಿಣ ಬೆಳ್ಳಗಾಗಿ ಕಿಡಿ ಚಿಮ್ಮುವ ಹೊತ್ತಿಗೇ ಏಟು ಬೀಳಬೇಕು. ಒಂದು ಗಳಿಗೆ ತಡವಾದರೆ ಬೆಸುಗೆ ಕೂರುವುದಿಲ್ಲ.

ಇಂಥ ನಾಲ್ಕು ಸರಳು ಮಾಡಿ. ಎರಡನ್ನು ಬಲಕ್ಕೆ, ಎರಡನ್ನು ಎಡಕ್ಕೆ ತಿರುಚಿ. ಬಲ, ಎಡ, ಬಲ, ಎಡ ಅಂತ ಒತ್ತೊತ್ತಾಗಿ ಇಟ್ಟು ಲಟ್ಟಣಿಗೆಯಿಂದ ಮೆಲ್ಲಗೆ ಒತ್ತಿ. ಮೀನಿನ ಮುಳ್ಳಿನ ಗೆರೆ ಎದ್ದು ಬರುತ್ತದೆ. ಸಟ್ಟನ್ ಹೂ ಅಲಗಿನಲ್ಲಿ ಇಂಥ ಎಂಟು ಕಟ್ಟುಗಳಿವೆ. ಸುತ್ತ ಬರೀ ಗೋಧಿಯ ಪಟ್ಟಿ ಅಂಟಿಸಿ, ಅದು ಬಾಯಿ. ಅಪ್ಪ ಕೊಡಲಿ ಬಾಯಿಗೆ ಉಕ್ಕು ಬೆಸೆಯುತ್ತಿದ್ದದ್ದೂ ಹೀಗೆಯೇ.

ಈಗ ಅರ್ಧ ಗಂಟೆ ಫ್ರೀಜರಿನಲ್ಲಿಡಿ. ಆಮೇಲೆ ಹರಿತ ಚಾಕುವಿನಿಂದ ಮೇಲ್ಮೈಯನ್ನು ತೆಳ್ಳಗೆ ಹೆರೆಯಿರಿ. ಮೇಲೆ ಓರೆ ಗೆರೆಗಳು. ಇನ್ನೂ ಹೆರೆಯಿರಿ, ಗೆರೆ ಬಾಗುತ್ತದೆ. ಸರಳಿನ ನಡುವಿಗೆ ಬಂದಾಗ ಕಮಾನು ಕಮಾನಾಗಿ ಕಾಣುತ್ತದೆ. ಮೊಮ್ಮಗಳು ಕಣ್ಣರಳಿಸಿದ್ದು ಇಲ್ಲೇ. ಯಾರೂ ಬಿಡಿಸದ ಚಿತ್ರ, ಸಾಣೆ ಎಷ್ಟು ಆಳ ಹೋಯಿತೋ ಅದರ ಮೇಲೆ ಬದಲಾಗುತ್ತದೆ. ನಿಜವಾದ ಅಲಗಿನಲ್ಲಿ ರಂಜಕ ಹೆಚ್ಚಿರುವ ಕಬ್ಬಿಣ ಬೆಳ್ಳಗೂ ಉಳಿದದ್ದು ಕಪ್ಪಗೂ ಕಾಣುತ್ತದೆ.

ಇದನ್ನೆಲ್ಲ 'ಡಮಾಸ್ಕಸ್' ಅನ್ನುವವರನ್ನು ಕಂಡರೆ ನನಗೆ ರೇಗುತ್ತದೆ. ಡಮಾಸ್ಕಸ್ ಅಂದರೆ ಗೆರೆಗೆರೆಯ ಬೇರೆಯದೇ ಉಕ್ಕು. ಅದರ ಗೆರೆ ತಿರುಚಿದ್ದರಿಂದ ಬಂದದ್ದಲ್ಲ, ಮೂಸೆಯಲ್ಲಿ ಕರಗಿದ ಉಕ್ಕಿನ ಒಳಗೇ ಮೂಡಿದ್ದು. ಆ ಉಕ್ಕಿನ ಇಂಗ್ಲಿಷ್ ಹೆಸರು 'ವೂಟ್ಜ್'. ಅದು ನಮ್ಮ 'ಉಕ್ಕು' ಪದದಿಂದಲೇ ಬಂತು ಅಂತ ಬಹಳ ಜನ ಹೇಳುತ್ತಾರೆ. 9ನೇ ಶತಮಾನದ ಹೊತ್ತಿಗೆ ಯುರೋಪಿನಲ್ಲೂ ಒಳ್ಳೆಯ ಉಕ್ಕು ಸಿಗತೊಡಗಿ ಸರಳು ತಿರುಚಿ ಬೆಸೆಯುವ ಈ ಹೆಣಿಗೆ ಹಿಂದೆ ಸರಿಯಿತು. ಬದಲಿಗೆ ಅಲಗಿನ ಮೇಲೆ 'ಉಲ್ಫ್‌ಬೆರ್ಟ್' ಅಂತ ಹೆಸರು ಬೆಸೆದ ಕತ್ತಿಗಳು ಬಂದವು.

ಹಿಟ್ಟನ್ನು ಬಿಸಾಡಬೇಡಿ. ಅಡ್ಡಡ್ಡ ಬಿಲ್ಲೆ ಕತ್ತರಿಸಿ ಕರಿಯಿರಿ. ಫ್ರೀಜರಿನಿಂದ ನೇರ ಬಾಣಲೆಗೆ ಹಾಕಿದರೆ ಎಣ್ಣೆ ಸಿಡಿಯುತ್ತದೆ, ಸ್ವಲ್ಪ ಹೊತ್ತು ಹೊರಗಿಟ್ಟು ಹಾಕಿ.